ಗೊರಕಿ ಪಾರ್ಟಿಯ ಹುಡುಗಿ

ಆಕೆ ತೀರಿಕೊಂಡ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಒಬ್ಬ ಅಜ್ಜನಿಗೆ ಸಕ್ಕರೆ ಕಾಯಿಲೆಯ ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂಬುದನ್ನು ಮೂರನೆಯ ಸಲ ಹೇಳುತ್ತಿದ್ದೆ. ಆಟೋ ಓಡಿಸುವ ಹುಡುಗ ಬಂದು ಮೆಟ್ಟಿಲ ಕೆಳಗೇ ನಿಂತ. "ಅಕ್ಕ ಹೋದಳ್ರಿ ಕಾಕಾ" ಎಂದ. ಯಾವ ಅಕ್ಕ ಎಂದು ಕೇಳುವ ಅಗತ್ಯವಿರಲಿಲ್ಲ. ಸವಣೂರಿನಿಂದ ಹುಬ್ಬಳ್ಳಿಗೆ ಒಯ್ಯುವಾಗ ತಡಸ ಹತ್ತಿರವಾಗುವಷ್ಟರಲ್ಲಿ ಉಸಿರು ನಿಂತಿತ್ತಂತೆ. ಆಕೆಗೆ ಇಪ್ಪತ್ತೈದು ವರ್ಷ. ನಾನು ಅಜ್ಜನಿಗೆ ನಾಲ್ಕನೆಯ ಸಲವೂ ಹೇಳಿ ಕಳಿಸಿದೆ. ಆಮೇಲೆ ಒಳಗೆ ಹೋಗಿ ಕಪಾಟು ತೆರೆದೆ. ಆಕೆಗೆಂದು ತರಿಸಿಟ್ಟಿದ್ದ ಮುಂದಿನ ಇಂಜೆಕ್ಷನ್ ಅಲ್ಲಿಯೇ ಇತ್ತು.

ಆಕೆಯ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಊರ ಮಂದಿ ಆ ಹೆಸರನ್ನು ಎಲೆಯಡಿಕೆಯಂತೆ ಅಗಿದು ಉಗುಳಿದ್ದು ಸಾಕು. ಆಕೆಯ ಬಗ್ಗೆ ನನಗೆ ಪೂರ್ತಿ ಗೊತ್ತಿದೆ ಎಂದೂ ಹೇಳಲಾರೆ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಆಕೆ ಕುಳಿತಿದ್ದಷ್ಟು ಹೊತ್ತು ಗೊತ್ತು, ಆಕೆಯ ಹಿಂದೆ ನಾನು ಸುತ್ತಿದ ಎರಡು ಮೂರು ಊರು ಗೊತ್ತು. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಅದನ್ನು ನುಂಗಿಕೊಂಡು ಆಕೆಯನ್ನು ಹೊಗಳುತ್ತ ಕುಳಿತರೆ ನನ್ನಂಥ ನಾಚಿಕೆಗೇಡಿ ಇನ್ನೊಬ್ಬನಿಲ್ಲ.

ಸವಣೂರಿನಲ್ಲಿ ಮೂವತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟಿದ್ದೇನೆ. ಹಳ್ಳಿಯಿಂದ ಬರುವವರು ನನ್ನನ್ನು 'ಡಾಕ್ಟ್ರ' ಎಂದು ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟೆ. ಕೊನೆಕೊನೆಗೆ ಯಾರಾದರೂ ಹಾಗೆ ಕರೆಯದಿದ್ದರೆ ಸಿಟ್ಟು ಬರತೊಡಗಿತು. ನಾನು ಕೆಟ್ಟದ್ದು ಅಲ್ಲಿಂದಲೇ.

ಆಕೆಯದು ಗಾದಿ ಹೊಲಿಯುವ ಪಿಂಜಾರ ಮುಸಲ್ಮಾನರ ಮನೆ. ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಬಂದ ಗಂಟಲುನೋವು, ಕೀಲುನೋವಿನ ಜ್ವರವನ್ನು ಯಾರೂ ದೊಡ್ಡದೆಂದು ಎಣಿಸಲಿಲ್ಲ. ಅದು ಹೃದಯದ ಕವಾಟಕ್ಕೆ ಇಳಿಯಿತು. ಮತ್ತೆ ಆ ಜ್ವರ ಬರದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕಿತ್ತು. ಹನ್ನೊಂದನೆಯ ವಯಸ್ಸಿನಿಂದ ಅದನ್ನು ಒಯ್ಯಲು ನನ್ನಲ್ಲಿಗೆ ಬರುತ್ತಿದ್ದಳು. ಆಸ್ಪತ್ರೆಯ ಸಿಸ್ಟರ್ ಚುಚ್ಚುತ್ತಿದ್ದರು. ಮೂರು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು. ಬಂದವಳೇ ಸ್ಟೂಲಿನ ಮೇಲೆ ಕುಳಿತು, ಮಾತಾಡಬೇಡಿ ಎಂಬಂತೆ ಅಂಗೈ ತೋರಿಸುತ್ತಿದ್ದಳು. ಉಸಿರು ತಾಳಕ್ಕೆ ಬಂದ ಮೇಲೆ, "ಹೇಳ್ರಿ ಕಾಕಾ, ಆರಾಮ?" ಎಂದು ಆಕೆಯೇ ನನ್ನನ್ನು ವಿಚಾರಿಸುತ್ತಿದ್ದಳು.

ಔಷಧಿ ಡಬ್ಬಿಯೊಳಗೆ ಸಣ್ಣಕ್ಷರದ ತೆಳು ಕಾಗದವೊಂದು ಮಡಚಿ ಇಟ್ಟಿರುತ್ತದಲ್ಲ, ಅದನ್ನು ಓದುವ ಚಟ ಆಕೆಗಿತ್ತು. ನಾನು ಬಿಸಾಡುವ ಕಾಗದಗಳನ್ನೆಲ್ಲ ಕೇಳಿ ಒಯ್ಯುತ್ತಿದ್ದಳು. ತಿಳಿಯದ ಶಬ್ದಕ್ಕೆ ಗೆರೆ ಎಳೆದುಕೊಂಡು ಬಂದು ನನ್ನನ್ನು ಕೇಳಿ ಪೇಚಿಗೆ ಸಿಕ್ಕಿಸುತ್ತಿದ್ದಳು. ನನಗೆ ಗೊತ್ತಿಲ್ಲದ್ದನ್ನು ಗತ್ತಿನಿಂದ ಹೇಳಿದರೆ ಎರಡು ದಿನ ಬಿಟ್ಟು ಬಂದು, ಅದು ಹಾಗಲ್ಲವಂತೆ ಎಂದು ಮೆಲ್ಲಗೆ ಹೇಳುತ್ತಿದ್ದಳು. ಮಕ್ಕಳಿಲ್ಲದ ನನಗೆ ಆಕೆ ಬರುವ ದಿನ ಹಬ್ಬದಂತಿರುತ್ತಿತ್ತು. ಇಂಜೆಕ್ಷನ್ ಎಲ್ಲೂ ಸಿಗದಾದಾಗ ಅಂಗಡಿಗೆ ಕೀಲಿ ಹಾಕಿ ಹುಬ್ಬಳ್ಳಿಯ ಓಣಿ ಓಣಿ ತಿರುಗಿ ತಂದದ್ದೂ ಉಂಟು.

ಆಕೆಗಿಂತ ಎರಡು ವರ್ಷಕ್ಕೆ ದೊಡ್ಡವನಾದ ಅಣ್ಣ ಹಿರೇಕೆರೂರಿನಲ್ಲಿ ಹಮಾಲಿ ಮಾಡುತ್ತಿದ್ದ. ಗೋವಿನಜೋಳದ ಸುಗ್ಗಿಯಲ್ಲಿ ಅಲ್ಲಿಯೇ ಉಳಿದು ಚೀಲ ಹೊರುವುದು, ಶುಕ್ರವಾರಕ್ಕೆ ಸವಣೂರಿಗೆ ಬರುವುದು. ಬೆನ್ನು ಹಿಡಿದುಕೊಂಡಿತು. ಯಾರೋ ಡಾಕ್ಟರು ಐದು ದಿನಕ್ಕೆಂದು ಜೋರಾದ ನೋವಿನ ಗುಳಿಗೆ ಬರೆದುಕೊಟ್ಟರು. ಆ ಚೀಟಿ ಹಿಡಿದು ನನ್ನಲ್ಲಿಗೆ ಬಂದ. ಐದು ದಿನದ ಮೇಲೆ ಅದೇ ಚೀಟಿ ಮತ್ತೆ ಬಂತು. ಮಡಿಕೆಯಲ್ಲಿ ಹರಿದು ಎರಡು ತುಂಡಾದ ಮೇಲೂ ನಾನು ಕೊಟ್ಟೆ. ಆಮೇಲೆ ಚೀಟಿ ಕೇಳುವುದನ್ನೇ ಬಿಟ್ಟೆ. ಗೊತ್ತಿದ್ದ ಮನೆಯ ಹುಡುಗ, ಬೆನ್ನು ನೋವು ಅನ್ನುತ್ತಾನೆ, ನಾನೋ ಡಾಕ್ಟ್ರ! ನೋವಿನ ಗುಳಿಗೆ ಯಾವಾಗ ನಶೆಯ ಗುಳಿಗೆಯಾಯಿತೋ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನ ಕಣ್ಣ ಪಾಪೆ ಸಾಸಿವೆಯಷ್ಟಾಗಿದ್ದನ್ನು ನಾನು ನೋಡಿದ್ದೆ.

ಒಂದು ಶುಕ್ರವಾರ ಮಧ್ಯಾಹ್ನ ಅವನು ಆ ಗುಳಿಗೆಯ ಜೊತೆ ಬೇರೆಲ್ಲಿಂದಲೋ ತಂದ ನಿದ್ದೆಯ ಗುಳಿಗೆಯನ್ನೂ ನುಂಗಿ ಮಲಗಿದ. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಎಷ್ಟೋ ದಿನದಿಂದ ಮಗನಿಗೆ ನಿದ್ದೆಯಿಲ್ಲವೆಂದು ಕೊರಗುತ್ತಿದ್ದ ಅವ್ವನಿಗೆ ಆ ಸದ್ದು ಕೇಳಿ ಸಮಾಧಾನವಾಯಿತು. ಬೇಶ್ ನಿದ್ದೆ ಹತ್ತಿದೆ, ಗದ್ದಲ ಮಾಡಬೇಡ ಎಂದು ಮಗಳಿಗೆ ಹೇಳಿದಳು. ಮಗಳು ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡುತ್ತಿದ್ದವಳು ಅದನ್ನು ಬಂದ್ ಮಾಡಿ, ಹಿತ್ತಲಿಗೆ ಹೋಗಿ ಕಲ್ಲಿನಲ್ಲಿ ಕುಟ್ಟಿದಳು. ಕಿಟಕಿಗೆ ಚಾದರ ಕಟ್ಟಿದಳು. ಗೊರಕೆ ಯಾವಾಗ ನಿಂತಿತೋ ಯಾರಿಗೂ ಗೊತ್ತಾಗಲಿಲ್ಲ. ನಿಂತದ್ದು ಕೂಡ ಒಳ್ಳೆಯದೇ ಅನ್ನಿಸಿತ್ತಂತೆ. ಇಳಿಹೊತ್ತಿನ ಅಸರ್ ನಮಾಜಿಗೆ ಎಬ್ಬಿಸಲು ಹೋದಾಗ ಅವನ ಕೈಕಾಲು ತಣ್ಣಗಿದ್ದವು.

ಎಂಟು ದಿನ ಬಿಟ್ಟು ಆಕೆ ಇಂಜೆಕ್ಷನ್ ಒಯ್ಯಲು ಬಂದಳು. ಸ್ಟೂಲಿನ ಮೇಲೆ ಕುಳಿತು ದಮ್ಮು ಆರಿಸಿಕೊಂಡಳು. ಆ ದಿನ 'ಆರಾಮ?' ಎಂದು ಕೇಳಲಿಲ್ಲ.

"ಕಾಕಾ, ಅಣ್ಣಗ ಗುಳಿಗಿ ನೀವ ಕೊಟ್ಟಿದ್ರೇನ್ರಿ?"

"ಮೊದಲ ಚೀಟಿ ತಂದಾಗ ಕೊಟ್ಟೇನವ್ವ," ಅಂದೆ. "ಆಮ್ಯಾಲಿಂದು ನಮ್ಮ ಅಂಗಡೀದಲ್ಲ."

ಆಕೆ ನನ್ನ ಮುಖ ನೋಡಿದಳು. ಬಹಳ ಹೊತ್ತೇನೂ ಅಲ್ಲ. ಆಮೇಲೆ "ಆತ್ರಿ" ಎಂದು ಇಂಜೆಕ್ಷನ್ ಬ್ಯಾಗಿಗೆ ಹಾಕಿಕೊಂಡು ಹೋದಳು. ಅಂದಿನಿಂದ ಆಕೆ ಬದುಕಿದ್ದ ನಾಲ್ಕು ವರ್ಷವೂ ಆ ಒಂದು ಸುಳ್ಳನ್ನು ಹೇಗೆ ಹಿಂದಕ್ಕೆ ಪಡೆಯಲಿ ಎಂಬುದೇ ನನ್ನ ಚಿಂತೆಯಾಯಿತು. ನಿಜ ಹೇಳಿದರೆ ಆಕೆ ಮತ್ತೆ ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂಬ ಹೆದರಿಕೆ. ಹೇಳದಿದ್ದರೆ ಆಕೆ ಬಂದು ಕುಳಿತಾಗಲೆಲ್ಲ ಕಣ್ಣು ತಪ್ಪಿಸಬೇಕು.

ಅದಾದ ಮೂರು ವಾರಕ್ಕೆ ಆಕೆ ಮತ್ತೆ ಬಂದಾಗ ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಎಲ್ಲೆಲ್ಲೋ ಓದಿ, ಆಸ್ಪತ್ರೆಯ ಡಾಕ್ಟರನ್ನು ಕಾಡಿ, ಬರೆದುಕೊಂಡಿದ್ದಳು. ಅಣ್ಣನದು ನಿದ್ದೆಯ ಗೊರಕೆ ಆಗಿರಲಿಲ್ಲ, ಉಸಿರು ಸಿಕ್ಕಿಬಿದ್ದ ಸದ್ದು ಎಂದು ಆಕೆಗೆ ಆಗ ತಿಳಿದಿತ್ತು. ಗುಳಿಗೆ ಕೇಳಿ ಬರುವ ಹುಡುಗರನ್ನು ಬೈದು ಓಡಿಸಬೇಡಿ ಎಂದಳು. ಕೊಡಬೇಡಿ, ಆದರೆ ಕೂರಿಸಿ ನೀರು ಕೊಡಿ, ನನಗೊಂದು ಫೋನ್ ಮಾಡಿ ಎಂದಳು. ನಾನು ಅಷ್ಟು ಬೇಗ ಯಾವುದಕ್ಕೂ ಒಪ್ಪಿದವನಲ್ಲ. ಅಂದು ತಲೆ ಅಲ್ಲಾಡಿಸಿದೆ.

ಆಕೆಯ ಜೊತೆ ಮೂವರು ಸೇರಿದರು. ಆಟೋ ಓಡಿಸುವವನೊಬ್ಬ, ಬಿ.ಎ. ಎರಡು ಸಲ ಫೇಲಾದ ಶಿಗ್ಗಾವಿಯ ಲಿಂಗಾಯತರ ಹುಡುಗನೊಬ್ಬ, ಹಾನಗಲ್ಲಿನಿಂದ ಬರುತ್ತಿದ್ದ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು. ಯಾರಿಗೂ ಇಪ್ಪತ್ತೈದು ದಾಟಿರಲಿಲ್ಲ. ಸಂಘಕ್ಕೊಂದು ಹೆಸರಿಡಿ ಎಂದರೆ ಆಕೆ, ಹೆಸರಿಟ್ಟರೆ ಬೋರ್ಡು ಬೇಕು, ಬೋರ್ಡಿದ್ದರೆ ಹುಡುಗರು ಬರುವುದಿಲ್ಲ ಎಂದಳು. ಊರೇ ಇಟ್ಟಿತು: ಗೊರಕಿ ಪಾರ್ಟಿ. ಎಲ್ಲಿ ಹೋದರೂ ಗೊರಕೆಯ ಮಾತೇ ಆಡುತ್ತಿದ್ದರಲ್ಲ. ಚಹಾದಂಗಡಿಯಲ್ಲಿ ಆಕೆ ಹಾದುಹೋಗುವಾಗ ಯಾರಾದರೊಬ್ಬರು ಗೊರ್ ಎನ್ನುತ್ತಿದ್ದರು. ಆಕೆ ನಿಂತು, ಹಾಗಲ್ಲ ಹೀಗೆ ಎಂದು ಸರಿಯಾದ ಸದ್ದು ಮಾಡಿ ತೋರಿಸಿ ಮುಂದೆ ಹೋಗುತ್ತಿದ್ದಳು.

ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ಸಣ್ಣ ಬಾಯಿಯ ಕೊಡವನ್ನು ನೀರಲ್ಲಿ ಅದ್ದಿದಂತೆ ಗುಳುಗುಳು, ಆಮೇಲೆ ಏನೂ ಇಲ್ಲ, ಆಮೇಲೆ ಮತ್ತೆ. ಆ ನಡುವಿನ 'ಏನೂ ಇಲ್ಲ'ದಲ್ಲಿ ಆಕೆ ಬೆರಳು ಮಡಚಿ ಎಣಿಸುತ್ತಿದ್ದಳು. ಕೇಳುವವರ ಉಸಿರೂ ನಿಲ್ಲುತ್ತಿತ್ತು.

ಅಪ್ಪ ಹೊಲಿದ ಗಾದಿಯೊಂದನ್ನು ಸುರುಳಿ ಸುತ್ತಿ ಹಗ್ಗ ಕಟ್ಟಿ, ಅದನ್ನೇ ಮನುಷ್ಯನೆಂದು ಇಟ್ಟುಕೊಂಡು ಕಲಿಸುತ್ತಿದ್ದಳು. ಅಂಗಾತ ಬಿಡಬಾರದು, ಮಗ್ಗುಲಿಗೆ ಹೊರಳಿಸಬೇಕು. ಮೇಲಿನ ಮೊಣಕಾಲು ಮಡಚಬೇಕು. ಹೆಸರು ಹಿಡಿದು ಜೋರಾಗಿ ಕರೆಯಬೇಕು, ಎದೆಯ ಮೂಳೆಯನ್ನು ಗೆಣ್ಣಿನಿಂದ ಉಜ್ಜಬೇಕು, ಏಳದಿದ್ದರೆ ಅಂಬುಲೆನ್ಸ್ ಕರೆಯಬೇಕು. ನಶೆ ಇಳಿಸುವ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಇರುತ್ತದೆ, ಅಲ್ಲಿ ಮುಟ್ಟುವ ತನಕ ಉಸಿರು ಊದಿಯಾದರೂ ನಡೆಸಬೇಕು. ಓಡಿಹೋಗಬಾರದು. ಇದಿಷ್ಟೇ ಆಕೆಯ ವಿದ್ಯೆ. ಬಿಡಿ, ಬಿಟ್ಟುಬಿಡಿ ಎಂಬ ಉಪದೇಶ ಆಕೆಯ ಬಾಯಲ್ಲಿ ಬರುತ್ತಿರಲಿಲ್ಲ. ಬಿಡಬೇಕೆಂದವರನ್ನು ಕೈ ಹಿಡಿದು ಹುಬ್ಬಳ್ಳಿಯ ಡಾಕ್ಟರಲ್ಲಿಗೆ ಒಯ್ಯುತ್ತಿದ್ದಳು. ಉಳಿದವರಿಗೆ ಒಂದೇ ಮಾತು: "ಬಿಡೂದು ನಾಳಿ ನೋಡೂಣು. ಇವತ್ತ ಸಾಯಬ್ಯಾಡ. ಒಬ್ಬನ ಕುಂತು ನುಂಗಬ್ಯಾಡ."

ಮಾಸೂರಿಗೆ ಒಮ್ಮೆ ನಾನೂ ಹೋಗಿದ್ದೆ. ಮದಗದ ಕೆರೆಯ ನೀರು ಹರಿಯುವ ಗದ್ದೆಗಳಲ್ಲಿ ಕೂಲಿ ಮಾಡುವ ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು. ಕೆಲಸದ ಸುಸ್ತು ತೆಗೆಯಲು ಅಲ್ಲಿಯ ಗಂಡಸರಲ್ಲೂ ಈ ಗುಳಿಗೆ ಹಬ್ಬಿತ್ತು, ಕೆಲವರು ಅದರ ಮೇಲೆ ಸೆರೆ ಬೇರೆ ಕುಡಿಯುತ್ತಿದ್ದರು. ಆಕೆ ಗಾದಿ ಹೊರಳಿಸಿ ತೋರಿಸಿ ಮುಗಿಸಿದ ಮೇಲೆ ಒಬ್ಬ ಹೆಂಗಸು, ನನ್ನ ಗಂಡ ದಿನಾ ಗೊರಕೆ ಹೊಡೆಯುತ್ತಾನೆ, ದಿನಾ ಎಬ್ಬಿಸಲೇನು, ಎಬ್ಬಿಸಿದರೆ ಅವ್ವ ಅಪ್ಪನ ಮೇಲೆ ಬೈಯುತ್ತಾನೆ ಎಂದಳು. ಎಲ್ಲರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಆಕೆಯೂ ನಕ್ಕಳು.

"ಎಬ್ಬಸ್ರಿ. ಬೈದ್ರ ಬದಕ್ಯಾನ ಅಂತ ತಿಳೀರಿ."

ನಗು ನಿಂತಿತು. ಆ ಹೆಂಗಸು ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟಳು. ಬಸ್ಸಿನಲ್ಲಿ ಬರುವಾಗ ಆಕೆ ಕಿಟಕಿಗೆ ತಲೆ ಒರಗಿಸಿ ಕಣ್ಣು ಮುಚ್ಚಿದ್ದಳು. ತುಟಿ ನೀಲಿಗಟ್ಟಿತ್ತು. ಇಷ್ಟು ದೂರ ಬರಬೇಡ ಎಂದು ಗದರಿದೆ. ಕೇಳುವ ಪೈಕಿ ಅಲ್ಲ.

ಎಲ್ಲ ಕಡೆ ಗೆದ್ದಳೆಂದು ಯಾರೂ ತಿಳಿಯಬಾರದು. ಸೋತದ್ದೇ ಹೆಚ್ಚು. ಶಿಗ್ಗಾವಿಯ ಕಡೆ ಒಂದು ಹಳ್ಳಿಯಲ್ಲಿ ಒಬ್ಬ ಹುಡುಗ ಹೀಗೆಯೇ ಬಿದ್ದಾಗ ಅವನ ಗೆಳೆಯರು ಓಡಿಹೋಗಲಿಲ್ಲ. ಹೆದರಿದರೂ ಕುಳಿತರು. ಕುಳಿತವರು ನಶೆ ಇಳಿಯಲಿ ಎಂದು ಮನೆಯಿಂದ ಹುಳಿ ಮಜ್ಜಿಗೆ ತಂದು, ತಲೆ ಎತ್ತಿ ಹಿಡಿದು ಬಾಯಿಗೆ ಹೊಯ್ದರು. ನಮ್ಮ ಕಡೆ ಯಾರು ಕುಡಿದು ಬಿದ್ದರೂ ಮಜ್ಜಿಗೆಯೇ ಮೊದಲ ಮದ್ದು. ಎಚ್ಚರವಿಲ್ಲದವನಿಗೆ ಅದು ಶ್ವಾಸಕ್ಕೆ ಇಳಿದು ಜೀವ ಹೋಯಿತು. ಅವನ ಮಣ್ಣಿಗೆ ಹೋಗಿ ಬಂದು ಆಕೆ ನನ್ನ ಸ್ಟೂಲಿನ ಮೇಲೆ ಕುಳಿತಳು. ಕೊಟ್ಟ ನೀರು ಕುಡಿಯಲಿಲ್ಲ.

"ಮಜ್ಜಿಗಿ ಹಾಕ್ಯಾರ ಕಾಕಾ. ಪ್ರೀತೀಲೆ ಹಾಕ್ಯಾರ. ನಾವೂ ಹಂಗ, ಪ್ರೀತೀಲೆ ಮಿಕ್ಸರ್ ಬಂದ್ ಮಾಡಿದ್ವಿ."

ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಗಲೇ ಹೇಳಬೇಕಿತ್ತು. ಹೇಳೋಣವೆಂದು ಕೌಂಟರಿನಿಂದ ಈಚೆಗೆ ಬಂದೂ ಬಂದೆ. ಬಾಯಿ ತೆರೆದಾಗ ಹೊರಬಿದ್ದದ್ದು, ಊಟ ಆಯಿತೇನವ್ವ ಎಂಬ ಮಾತು. ಆಕೆ ಇಲ್ಲ ಎಂದು ತಲೆ ಆಡಿಸಿದಳು. ಅಂದಿನಿಂದ ಮಜ್ಜಿಗೆಯ ಮಾತನ್ನೂ ಪಾಠಕ್ಕೆ ಸೇರಿಸಿಕೊಂಡಳು. ಮಜ್ಜಿಗೆ ಬೇಡ, ಲಿಂಬೆ ಬೇಡ, ಉಪ್ಪುನೀರು ಬೇಡ, ಬಾಯಿಗೆ ಉಸಿರು ಬಿಟ್ಟು ಇನ್ನೇನೂ ಹಾಕಬೇಡಿ ಎನ್ನುತ್ತಿದ್ದಳು.

ಊರ ಹಿರಿಯರಿಗೆ ಇದು ಸೇರಲಿಲ್ಲ. ಅವರ ಓಣಿಯವರೂ, ನಮ್ಮವರೂ, ಈ ಒಂದು ವಿಷಯದಲ್ಲಿ ಒಂದಾದರು. ಲಗ್ನವಾಗದ ಹುಡುಗಿ ನಶೆಬಾಜರ ಬಾಯಿಗೆ ಬಾಯಿ ಇಡುತ್ತಾಳೆ ಎಂದರು. ತಾನೂ ನುಂಗುತ್ತಾಳೆ, ನೋಡಿ ಮುಖ ಹೇಗೆ ಬಾಡಿದೆ ಎಂದರು. ಹಿರಿಯರೊಬ್ಬರು ಆಕೆಯ ಅಪ್ಪನ ಮುಂದೆ ಬಂದು ನಿಂತು, ನಿನ್ನ ಮಗಳು ಹುಡುಗರಿಗೆ ಸಾಯದಂತೆ ನಶೆ ಮಾಡುವುದನ್ನು ಕಲಿಸುತ್ತಿದ್ದಾಳೆ ಎಂದರಂತೆ. ಅಪ್ಪ ಸೂಜಿಯಿಂದ ಕಣ್ಣೆತ್ತದೆ, ಹೌದು, ಸಾಯದಂತೆ ಕಲಿಸುತ್ತಿದ್ದಾಳೆ ಎಂದನಂತೆ. ಆ ಮನುಷ್ಯ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ಅವನ ಮಾತು ಊರೆಲ್ಲ ತಿರುಗಿತು. ಆದರೆ ಗಾದಿ ಹೊಲಿಸಲು ಬರುವವರು ಕಡಿಮೆಯಾದರು.

ನನ್ನ ಅಂಗಡಿಯ ಮೆಟ್ಟಿಲ ಮೇಲೆಯೇ ಒಂದು ಮಧ್ಯಾಹ್ನ ಗುಜರಿ ಆಯುವ ಯುವಕನೊಬ್ಬ ಕುಳಿತಲ್ಲೇ ಒರಗಿದ. ಗುಳುಗುಳು ಕೇಳಿತು, ನಿಂತಿತು. ನಾನು ಆಕೆಗೂ ಅಂಬುಲೆನ್ಸಿಗೂ ಫೋನ್ ಮಾಡಿ, ಕಲಿತಂತೆ ಅವನನ್ನು ಮಗ್ಗುಲಿಗೆ ಹೊರಳಿಸಿದೆ. ಆಟೋ ಬಂದು ನಿಂತಿತು. ಆಕೆ ಅವನ ಬಾಯಿ ಒರೆಸಿ, ಕರವಸ್ತ್ರ ಹಾಸಿ ಊದತೊಡಗಿದಳು. ಆಕೆ ಊದಿ ಸೋತಾಗ ಆಟೋದ ಹುಡುಗ, ಅವನು ಸೋತಾಗ ಮತ್ತೆ ಆಕೆ. ಸುತ್ತ ನೆರೆದ ಮಂದಿ ಫೋನಿನಲ್ಲಿ ಚಿತ್ರ ತೆಗೆಯುತ್ತಿದ್ದರು. ತನಗೇ ಸಾಲದ ಉಸಿರನ್ನು ಆಕೆ ಇನ್ನೊಬ್ಬನ ಬಾಯಿಗೆ ಹಾಕುತ್ತಿದ್ದಾಳೆ ಎಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅಂಬುಲೆನ್ಸಿನವರು ಇಂಜೆಕ್ಷನ್ ಕೊಟ್ಟ ಮೇಲೆ ಅವನು ಕಣ್ಣು ಬಿಟ್ಟ. ನಶೆ ಕೆಡಿಸಿದಳೆಂದು ಆಕೆಗೆ ಬಾಯಿಗೆ ಬಂದಂತೆ ಬೈದ. ಆಕೆ ಗೋಡೆಗೆ ಒರಗಿ, ಮಾತಾಡಲಾಗದೆ, ಅಂಗೈ ಎತ್ತಿ ತೋರಿಸಿದಳು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ಕಾಣಲಿಲ್ಲ.

ಅಂದು ನನ್ನ ಬಗ್ಗೆ ನನಗೇ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂದದ್ದು ನಿಜ. ಒಂದು ಜೀವ ಹೋಗಿದ್ದಕ್ಕೆ ಒಂದು ಜೀವ ಉಳಿಸಿದೆ ಎಂದುಕೊಂಡೆ. ಇನ್ನು ಆ ಹಳೆಯ ಮಾತು ತೆಗೆದು ಆಕೆಯ ಮನಸ್ಸು ಯಾಕೆ ನೋಯಿಸಬೇಕು ಎಂದೂ ಅನ್ನಿಸಿತು. ಹೇಡಿಗೆ ನೆಪ ಬೇಕು, ನನಗೆ ಸಿಕ್ಕಿತು. ಆಕೆಯ ಕವಾಟಕ್ಕೆ ಆಪರೇಷನ್ ಆಗಬೇಕೆಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಕಾಗದಪತ್ರ ಓಡಾಡುತ್ತಿದ್ದವು. ಆಪರೇಷನ್ ಆಗಿ ಗಟ್ಟಿಯಾಗಲಿ, ಆಗ ಹೇಳಿದರಾಯಿತು ಎಂದು ಮುಂದೂಡಿದೆ. ಆಕೆ ಪಾದ ಬಾತಿದ್ದರೂ ಹಾನಗಲ್ಲಿಗೆ, ಹಿರೇಕೆರೂರಿಗೆ ಬಸ್ಸು ಹತ್ತುವುದನ್ನು ಬಿಡಲಿಲ್ಲ. ಕೊನೆಗೆ ತಡಸದ ದಾರಿಯಲ್ಲಿ ಎಲ್ಲ ಮುಗಿಯಿತು.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆ ಆದ ಮೇಲೆ ಅವರ ಮನೆಗೆ ಹೋದೆ. ಹತ್ತಿಯ ರಾಶಿಯ ಮೇಲೆ ಹಳೆಯ ಸೀರೆ ಹೊದಿಸಿದ್ದರು. ಅಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ. ಅವ್ವ ಒಳಗೆ ಚಾಪೆಯ ಮೇಲಿದ್ದಳು. ನಾನು ಎಲ್ಲ ನಿರ್ಧಾರ ಮಾಡಿಕೊಂಡೇ ಹೋಗಿದ್ದೆ. ಹೇಳಿಬಿಡುವುದು, ಆಮೇಲೆ ಅಂಗಡಿಗೆ ಕಾಯಂ ಕೀಲಿ ಹಾಕುವುದು. ಕುಳಿತವನೇ, ನಿಮ್ಮ ಮಗನಿಗೆ ಕಡೆಯ ತನಕ ಗುಳಿಗೆ ಕೊಟ್ಟವನು ನಾನೇ, ಮಗಳು ಕೇಳಿದಾಗ ಇಲ್ಲ ಎಂದೆ ಎಂದು ಒಂದೇ ಉಸಿರಿಗೆ ಹೇಳಿದೆ. ಇನ್ನು ಅಂಗಡಿ ಇಡುವುದಿಲ್ಲ ಎಂದೂ ಹೇಳಿದೆ.

ಅವ್ವ ಗಾಬರಿಯಾಗಲಿಲ್ಲ.

"ಗೊತ್ತೈತ್ರಿ," ಎಂದಳು. "ಅಂವನ ಅಂಗಿ ಕಿಸೇದಾಗ ಕವರ್ ಇತ್ತು. ಮ್ಯಾಲ ನಿಮ್ಮ ಅಕ್ಷರ."

ಗುಳಿಗೆ ಕೊಡುವ ಕಾಗದದ ಕವರಿನ ಮೇಲೆ 'ಉಂಡ ಮೇಲೆ ಒಂದು' ಎಂದು, ಕೆಳಗೆ ತಾರೀಖು ಹಾಕಿ, ಪೆನ್ನಿನಲ್ಲಿ ಬರೆದುಕೊಡುವುದು ನನ್ನ ಮೂವತ್ತು ವರ್ಷದ ರೂಢಿ. ಅವನು ಸತ್ತ ಶುಕ್ರವಾರ ಬೆಳಿಗ್ಗೆಯೂ ಬರೆದಿದ್ದೆ. ಮಗಳು ಅದನ್ನು ಅಣ್ಣ ಮಣ್ಣಾದ ದಿನವೇ ನೋಡಿದ್ದಳಂತೆ. ನನ್ನಲ್ಲಿಗೆ ಬಂದು ಕೇಳುವಾಗ ಆಕೆಗೆ ಎಲ್ಲ ಗೊತ್ತಿತ್ತು. ಸುಳ್ಳು ಕೇಳಿಸಿಕೊಂಡು ಮನೆಗೆ ಹೋದವಳು, ಪೊಲೀಸರಿಗೆ ಹೇಳೋಣ ಎಂದ ಅವ್ವನನ್ನು ತಡೆದಿದ್ದಳು.

"ಏನಂದ್ಲು ಗೊತ್ತೇನ್ರಿ? ಜಗಳ ತಗದ್ರ ಅವ್ರು ಅಂಗಡಿ ಮುಚ್ಚತಾರವ್ವ, ಹುಡುಗ್ರು ಎಲ್ಲಿ ಹೊಕ್ಕಾರಂತ ನಮಗ ತಿಳಿಯಂಗಿಲ್ಲ. ಅವ್ರು ಅಲ್ಲೇ ಕುಂತಿರ್ಲಿ, ಬ್ಯಾರೇದವ್ರನ್ನರ ನೋಡ್ಕೊಳ್ಳಿ ಅಂದ್ಲು."

ನಾನು ಆಕೆಯ ಕಾಕಾ ಎಂದುಕೊಂಡಿದ್ದೆ. ನಾಲ್ಕು ವರ್ಷ ಆಕೆ ನನ್ನ ಎದುರು ಕುಳಿತು ಆರಾಮ ಕೇಳಿದಾಗಲೆಲ್ಲ ಆ ಕವರು ಆಕೆಯ ಮನಸ್ಸಿನಲ್ಲಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಆಕೆಗೆ ನನ್ನ ಮೇಲೆ ಪ್ರೀತಿಯಿತ್ತೋ ಇಲ್ಲವೋ, ಅದನ್ನಷ್ಟೇ ಹೇಳಿ ಎಂದು ಅವ್ವನನ್ನು ಕೇಳಬೇಕೆನಿಸಿತು. ಕೇಳುವ ಯೋಗ್ಯತೆ ಇರಲಿಲ್ಲ. ನನ್ನ ಅಳು ಮುಗಿದ ಮೇಲೆ ಅವ್ವ ಮಾತಾಡಿದಳು.

"ಆಕಿ ನಿಮ್ಮನ್ನ ಮಾಫ್ ಮಾಡಿದ್ಲೋ ಇಲ್ಲೋ ನಂಗ ಗೊತ್ತಿಲ್ಲ. ನಾ ಮಾಡಿಲ್ರಿ, ಮಾಡಾಕೂ ಆಗಂಗಿಲ್ಲ," ಎಂದಳು. "ಆದ್ರ ಅಂಗಡಿ ಮುಚ್ಚಬ್ಯಾಡ್ರಿ. ಮನ್ಯಾಗ ಕುಂತು ಅಳೂದು ನಮಗಿರ್ಲಿ. ನೀವು ಅಲ್ಲಿ ಕುಂದರ್ರಿ."

ಮರುದಿನ ಒಂಬತ್ತಕ್ಕೆ ಹೋಗಿ ಅಂಗಡಿ ತೆರೆದೆ.